ಅತ್ತೆಯ ಕಿವಿಯೊಳಗಿನ ಪಂಪ್‌ಸೆಟ್ಟು

ನಮ್ಮ ಊರಲ್ಲಿ ಆಗ ಏನೇ ಆದರೂ ಅದಕ್ಕೆ ಡ್ಯಾಮೇ ಕಾರಣ. ಎಮ್ಮೆ ಹಾಲು ಕಡಿಮೆ ಕೊಟ್ಟರೆ ಡ್ಯಾಮು, ಹುಡುಗ ಗಣಿತದಲ್ಲಿ ನಪಾಸಾದರೆ ಡ್ಯಾಮು, ಸಾರಿಗೆ ಉಪ್ಪು ಹೆಚ್ಚಾದರೂ ಯಾರಾದರೊಬ್ಬರು ಹೊಳೆಯ ದಿಕ್ಕಿಗೆ ಕೈ ತೋರಿಸುತ್ತಿದ್ದರು. ಹಿನ್ನೀರು ಬಂದು ಹೊಳೆದಂಡೆಯ ಹಳೆಯ ಊರನ್ನು ನುಂಗಿತ್ತು. ಜನ ಎತ್ತರದ ಮಡ್ಡಿಯಲ್ಲಿ ಸರ್ಕಾರ ಕೊಟ್ಟ ಪ್ಲಾಟುಗಳಿಗೆ ಬಂದು ಮನೆ ಕಟ್ಟಿಕೊಂಡಿದ್ದರು. ಬೀಳಗಿ ತಾಲ್ಲೂಕಿನಲ್ಲೇ, ಅನಗವಾಡಿಯಿಂದ ಬಹಳ ದೂರವೇನಲ್ಲ. ನಾನು ಸೊಸೆಯಾಗಿ ಬಂದದ್ದು ಈ ಹೊಸ ಊರಿಗೆ. ಹಳೆಯದನ್ನು ಕಣ್ಣಿಂದ ಕಂಡವಳಲ್ಲ. ಹಾಗಾಗಿ ಡ್ಯಾಮಿನ ಮಾತು ಬಂದಾಗಲೆಲ್ಲ ನನಗೆ ನಗು ಬರುತ್ತಿತ್ತು. ನನ್ನ ಅತ್ತೆಯೂ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು.

ನಾನು ರಬಕವಿಯವಳು, ಮಗ್ಗದ ಮನೆಯ ಮಗಳು. ಪವರ್‌ಲೂಮಿನ ಸದ್ದಿನ ಮೇಲೆ ಮಾತಾಡಿ ಬೆಳೆದವರು ನಾವು. ನಾವು ಚಹಾ ಬೇಕೇ ಎಂದು ಕೇಳಿದರೂ ಜಗಳಕ್ಕೆ ನಿಂತಂತೆ ಕೇಳಿಸುತ್ತದೆ ಎಂದು ನನ್ನ ಗಂಡ ಹೇಳುತ್ತಾರೆ. ಅದರಲ್ಲಿ ಅರ್ಧ ಮಗ್ಗದ ತಪ್ಪು, ಉಳಿದರ್ಧ ನನ್ನ ಸ್ವಭಾವ. ಬೀಳಗಿಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಯಾರಾದರೂ "ಅದು ಹಂಗ ಇರತೈತಿ ಬಿಡು" ಅಂದರೆ ಮೈ ಪರಚಿಕೊಳ್ಳುವಷ್ಟು ಸಿಟ್ಟು ಬರುತ್ತಿತ್ತು. ಹಂಗ ಯಾಕ ಇರತೈತಿ ಅನ್ನುವುದು ತಿಳಿಯುವತನಕ ನನಗೆ ಊಟ ಸೇರುತ್ತಿರಲಿಲ್ಲ.

ಎರಡು ಸಾವಿರದ ಐದನೆಯ ಇಸವಿಯ ಆಸುಪಾಸಿನ ಒಂದು ಬೇಸಿಗೆ. ಅತ್ತೆ ಅಂಗಳದ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದವರು ಮೊರ ತೊಡೆಯ ಮೇಲಿಟ್ಟುಕೊಂಡು ತಲೆ ಎತ್ತಿದರು.

"ಯಾರ ಹೊಲದಾಗ ಪಂಪ್‌ಸೆಟ್ ಚಾಲೂ ಆಗೇತಿ? ಒಂದ ಸವನ ಹೊಡ್ಯಾಕತ್ತೈತಿ ನೋಡು."

"ಎಲ್ಲೈತ್ರಿ ಅತ್ಯಾರ? ನಂಗೇನೂ ಕೇಳಸವಲ್ತು."

"ಐತಲ್ಲವಾ. ಸಣ್ಣಂಗ, ಗುಂಯ್ ಅಂತ."

ಅಂದಿನಿಂದ ಆ ಪಂಪ್‌ಸೆಟ್ಟು ನಿಲ್ಲಲಿಲ್ಲ. ಪಕ್ಕದ ಮನೆಯ ಚಿಗವ್ವ, ಅತ್ತೆಯ ಓರಗೆಯವಳು, ದಿನಕ್ಕೊಮ್ಮೆಯಾದರೂ ಎಲೆಯಡಿಕೆ ಹಾಕಿಕೊಳ್ಳಲು ನಮ್ಮ ಕಟ್ಟೆಗೆ ಬರುವವಳು, ಸುದ್ದಿ ಕೇಳಿದ ಕೂಡಲೇ ತೀರ್ಪು ಕೊಟ್ಟಳು.

"ಅದು ಪಂಪ್‌ಸೆಟ್ ಅಲ್ಲ ಯಕ್ಕಾ. ನೀರಾಗಿನ ಗುಡಿ ಗಂಟಿ ಅದು. ಹಳೆ ಊರು ಕರಿಯಾಕತ್ತೈತಿ. ಎಲ್ಲಾ ಆ ಡ್ಯಾಮಿಂದ."

"ಗಂಟಿ ಬಿಚ್ಚಿ ತಂದು ಹೊಸಾ ಗುಡಿಗೆ ಕಟ್ಟೇವಲ್ಲ ಬೇ, ನೀರಾಗ ಎಲ್ಲಿಂದ ಬಂತು?" ಎಂದರು ಅತ್ತೆ. "ಮತ್ತ ಗಂಟಿ ಬಿಟ್ಟು ಬಿಟ್ಟು ಹೊಡಿತೈತಿ. ಇದು ಬಿಡಂಗಿಲ್ಲ."

ನನಗೆ ಆ ಉತ್ತರ ಬಹಳ ಹಿಡಿಸಿತು. ಶಾಲೆಯಲ್ಲಿ ಹತ್ತನೆಯ ಇಯತ್ತೆಯ ಮಕ್ಕಳಿಗೆ ನಿರಂತರ ಶಬ್ದ, ಬಿಡಿ ಶಬ್ದ ಅಂತ ಹೇಳಿ ಹೇಳಿ ಗಂಟಲು ಹರಿದುಕೊಂಡರೂ ತಲೆಗೆ ಹೋಗುತ್ತಿರಲಿಲ್ಲ. ಅಂದು ಸಂಜೆಯೇ ಅತ್ತೆಯನ್ನು ಬಾಗಿಲ ಬೆಳಕಿಗೆ ಕೂರಿಸಿ ಬ್ಯಾಟರಿ ಹಿಡಿದು ಎರಡೂ ಕಿವಿ ನೋಡಿದೆ. ಸ್ವಚ್ಛವಾಗಿದ್ದವು. ಅಂಗೈಯಿಂದ ಕಿವಿ ಮುಚ್ಚಿಕೊಳ್ಳಿ ಅಂದೆ. ಹೊರಗಿನ ಸದ್ದಾದರೆ ಕಡಿಮೆಯಾಗಬೇಕು. "ಹೆಚ್ಚ ಆತಲ್ಲ!" ಅಂದರು, ಗಾಬರಿಗಿಂತ ಅಚ್ಚರಿಯಿಂದ. ಅಂದರೆ ಪಂಪ್‌ಸೆಟ್ಟು ಒಳಗಿದೆ. ಇಬ್ಬರೂ ಮುಖ ಮುಖ ನೋಡಿಕೊಂಡೆವು. ಚಿಗವ್ವ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ತಂದಾಗ ನಾನು ಬಾಗಿಲಲ್ಲೇ ತಡೆದು, ಒಗ್ಗರಣೆಗೆ ಬೇಕಾದರೆ ಕೊಡು ಎಂದು ಇಸಿದುಕೊಂಡೆ.

ಮುಧೋಳದಲ್ಲಿ ಒಬ್ಬ ಡಾಕ್ಟರಿಗೆ ತೋರಿಸಿದೆವು. ವಯಸ್ಸಾತು, ಹಂಗ ಇರತೈತಿ ಅಂದರು. ನನ್ನ ಮುಖ ನೋಡಿ ನನ್ನ ಗಂಡ ಬೇಗ ಬೇಗ ಹೊರಗೆ ಕರೆತಂದರು. ಅವರು ಸಕ್ಕರೆ ಕಾರ್ಖಾನೆಯೊಂದರ ಆಫೀಸಿನಲ್ಲಿ ಕೆಲಸಕ್ಕಿದ್ದರು, ಮಿದು ಮಾತಿನವರು, ಪೇಟೆಯಲ್ಲಿ ನನ್ನ ಬಾಯಿಗೆ ಹೆದರುವವರು. ಆಮೇಲೆ ಜಮಖಂಡಿಯ ಕಿವಿ ಡಾಕ್ಟರ ಹತ್ತಿರ ಹೋದೆವು. ಆತ ತಾಳ್ಮೆಯ ಮನುಷ್ಯ. ಕಬ್ಬಿಣದ ಕವಲುಕಡ್ಡಿಯನ್ನು ಬಡಿದು ಕಿವಿಯ ಹತ್ತಿರ, ಹಣೆಯ ಮೇಲೆ ಇಟ್ಟು ನೋಡಿದರು. ಪರದೆ ಚೆನ್ನಾಗಿದೆ, ಬಿ.ಪಿ. ಇಲ್ಲ, ಸಕ್ಕರೆ ಇಲ್ಲ. "ಯಾವುದರೆ ಔಷಧ ತಗೋತೀರೇನು, ಅಮ್ಮಾರ?" ಎಂದು ಕೇಳಿದರು. "ಇಲ್ಲರಿ. ಒಂದ ಗುಳಿಗಿ ಸೈತ ನುಂಗಾಂಗಿಲ್ಲ ನಾ," ಅಂದರು ಅತ್ತೆ. "ನಮ್ಮವ್ವ ಗಟ್ಟಿ ಅದಾಳ್ರಿ," ಎಂದು ಗಂಡ ಹೆಮ್ಮೆಯಿಂದ ಸೇರಿಸಿದರು. ಕಾರಣ ಸಿಗುತ್ತಿಲ್ಲ, ಹೆಚ್ಚಾದರೆ ಮತ್ತೆ ಬನ್ನಿ ಎಂದು ಡಾಕ್ಟರು ಕಳಿಸಿದರು.

ಹೆಚ್ಚಾಯಿತು. ಯಾರು ಬಂದರೂ ಹೆಜ್ಜೆಯ ಸಪ್ಪಳ ಕೇಳದೆ ಅತ್ತೆ ಬೆಚ್ಚಿ ಬೀಳತೊಡಗಿದರು. ನಾನು ರೊಟ್ಟಿ ಬಡಿಯುತ್ತ ಮಾತಾಡಿದರೆ ಎದ್ದು ಬಂದು ನನ್ನ ಬಾಯಿ ನೋಡುತ್ತ ನಿಲ್ಲುತ್ತಿದ್ದರು. ಕಟ್ಟೆಗೆ ಕೂರುವುದನ್ನು ಬಿಟ್ಟರು. ಒಂದು ಮಧ್ಯಾಹ್ನ, ಸುಡುವ ಬಿಸಿಲಲ್ಲಿ, ಪಕ್ಕದವರ ಹೊಲಕ್ಕೆ ಹೋಗಿ "ನಿಮ್ಮ ಪಂಪ್‌ಸೆಟ್ ಒಂದೀಟು ಬಂದ್ ಮಾಡ್ರಪಾ, ತಲಿ ಚಿಟ್ ಹಿಡದೈತಿ" ಎಂದು ಕೇಳಿದರಂತೆ. ಅಂದು ಬೆಳಗಿನಿಂದ ಊರಿಗೇ ಕರೆಂಟ್ ಇರಲಿಲ್ಲ. ಹೊಲದವನು ಮರ್ಯಾದಸ್ತ. ಬಂದ್ ಮಾಡ್ತೀನಿ ಬಿಡವ್ವಾ ಎಂದು ಮನೆತನಕ ಬಿಟ್ಟು ಹೋದ. ಆದರೆ ಸಂಜೆಯೊಳಗೆ ಸುದ್ದಿ ಮೂರು ಓಣಿ ತಿರುಗಿತ್ತು.

ಗಂಡ ಡ್ಯೂಟಿ ಮುಗಿಸಿ ಬಂದು ಕೇಳಿದವರು ಬಹಳ ಹೊತ್ತು ಬೂಟು ಬಿಚ್ಚಲಿಲ್ಲ.

"ಒಮ್ಮೆ ಧಾರವಾಡಕ್ಕ ಹೋಗಿ ಬರೂಣು," ಅಂದರು.

ನಮ್ಮ ಕಡೆ ಧಾರವಾಡಕ್ಕೆ ಓದಲು ಹೋಗುತ್ತಾರೆ, ಫೇಡೆ ತರಲು ಹೋಗುತ್ತಾರೆ. ಆದರೆ ಆ ದನಿಯಲ್ಲಿ ಧಾರವಾಡ ಅಂದರೆ ಅಲ್ಲಿನ ಹುಚ್ಚಾಸ್ಪತ್ರೆ, ಒಂದೇ ಅರ್ಥ, ತಲೆ ಕೆಟ್ಟಿದೆ ಎಂದು.

"ಕಿವಿ ಬ್ಯಾನಿಗೆ ತಲಿ ಡಾಕ್ಟರ್ ಯಾಕ್ರಿ?" ಎಂದು ನಾನು ಮಗ್ಗದ ದನಿಯಲ್ಲೇ ಕೇಳಿದೆ.

"ಇಲ್ಲದ ಸಪ್ಪಳ ಕೇಳಸೂದು ಕಿವಿ ಬ್ಯಾನಿ ಹೆಂಗಾಗತೈತಿ? ನಾ ಏನ್ ಖುಷಿಲೆ ಹೇಳಾಕತ್ತೇನೇನು?"

ಅವರ ಕಣ್ಣು ತುಂಬಿದ್ದವು. ತಿರುಗಿ ನೋಡಿದರೆ ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಬೇರೆ ಯಾವುದೂ ಕೇಳಿಸದಿದ್ದರೂ ಇದೊಂದು ಚೆನ್ನಾಗಿ ಕೇಳಿಸಿತ್ತು.

ಮರುದಿನದಿಂದ ಅತ್ತೆ ಹೊಸ ಮಾತು ಶುರು ಮಾಡಿದರು. "ಈಗ ಏನೂ ಕೇಳಸಂಗಿಲ್ಲವಾ. ಛಲೋ ಆಗೇತಿ." ಹೀಗೆ ಹೇಳುವಾಗ ಅವರ ಬಲ ಅಂಗೈ ತಾನಾಗಿ ಹೋಗಿ ಕಿವಿಯನ್ನು ಒತ್ತಿ ಹಿಡಿದಿರುತ್ತಿತ್ತು. ಅತ್ತೆ ಸುಳ್ಳು ಹೇಳಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ನಾವಿಬ್ಬರೇ ಇದ್ದಾಗ ಕೇಳಿದೆ, ಅಷ್ಟು ಯಾಕೆ ಹೆದರುತ್ತೀರಿ, ಡಾಕ್ಟರು ತಾನೇ ಎಂದು. ಅವರು ನೆಲ ನೋಡುತ್ತ ಹೇಳಿದರು: "ಅಲ್ಲಿ ಹೋಗಿ ಬಂದವರ ಮಾತು ಆಮ್ಯಾಲ ಯಾರೂ ಖರೆ ಅನ್ನಂಗಿಲ್ಲವಾ. ಹಾಲು ಉಕ್ಕೇತಿ ಅಂದ್ರೂ ಒಳಗ ಹೋಗಿ ನೋಡಿ ಬರತಾರ." ಧಾರವಾಡದ ಡಾಕ್ಟರ ಮೇಲೆ ನನಗೆ ಯಾವ ದ್ವೇಷವೂ ಇರಲಿಲ್ಲ, ಬೇಕಾದವರಿಗೆ ಅವರೂ ಬೇಕು. ಆದರೆ ಕಾರಣ ತಿಳಿಯದೆ, ತಿಳಿಯದ್ದಕ್ಕೇ ಹುಚ್ಚು ಅನ್ನುವುದನ್ನು ನಾನು ಒಪ್ಪಲಾರದೆ ಹೋದೆ.

ಅಷ್ಟರಲ್ಲಿ ರಬಕವಿಯಲ್ಲಿ ನನ್ನ ಅಣ್ಣನ ಮಗುವಿನ ಹೆಸರಿಡುವ ಕಾರ್ಯ ಬಂತು. ಬೀಗತಿ ಬರಲೇಬೇಕೆಂದು ನನ್ನ ಅವ್ವ ಹೇಳಿ ಕಳಿಸಿದ್ದಳು. ಹೋಗಿ ಬಂದ ಮೇಲೆ ಧಾರವಾಡ ಎಂದು ಗಂಡ ಹೇಳಿದರು. ಮಗ್ಗದ ಊರಿಗೆ ಹೋದರೆ ಕಿವಿ ಇನ್ನೂ ಹಾಳಾಗುತ್ತದೆ ಎಂದು ಚಿಗವ್ವ ಎಚ್ಚರಿಸಿದಳು. ನನಗೂ ಒಳಗೊಳಗೆ ಆ ಅಳುಕು ಇತ್ತು.

ಕಾರ್ಯ ಮುಗಿದ ಮೇಲೂ ಅವ್ವ ಅತ್ತೆಯನ್ನು ಬಿಡಲಿಲ್ಲ, ನಾಲ್ಕು ದಿನ ಇದ್ದು ಹೋಗಿ ಎಂದು ಹಿಡಿದಳು. ಎರಡನೆಯ ದಿನವೇ ಅತ್ತೆಗೆ ತಲೆನೋವು ಬಂತು. ಎಂಥ ತಲೆನೋವೆಂದರೆ ಹಣೆಗೆ ಬಟ್ಟೆ ಬಿಗಿದುಕೊಂಡು ಗೋಡೆ ಕಡೆ ಮುಖ ಮಾಡಿ ಮಲಗಿದರು. ಏನು ಬೇಕು ಅಂದರೆ "ಏನಿಲ್ಲರಿ ಬೀಗ್ತೇರ, ಹೋಗತೈತಿ" ಅನ್ನುವರು. ಮಗ್ಗದ ಸದ್ದು ರೂಢಿ ಇಲ್ಲ, ಅದಕ್ಕೇ ಎಂದು ಅವ್ವ ನೊಂದುಕೊಂಡಳು. ಕಂಡಿಕೆಗೆ ನೂಲು ಸುತ್ತಲು ನಮ್ಮಲ್ಲಿಗೆ ಬರುವ ಹೆಂಗಸೊಬ್ಬಳು ಚಹಾದ ಬಸಿಗೆ ತಲೆನೋವಿನ ಪುಡಿ ಉದುರಿಸಿಕೊಂಡು ಕುಡಿಯುತ್ತಿದ್ದಾಗ ಅತ್ತೆ ಮಲಗಿದಲ್ಲಿಂದಲೇ ಅವಳ ಬಸಿಯನ್ನು ನೋಡುತ್ತಿದ್ದರು. ಹಸಿದವರು ಪರರ ತಾಟು ನೋಡುವ ಹಾಗೆ. ಅದನ್ನು ನಾನು ಕಂಡೆ, ಕಂಡು ಮರೆತೆ.

ನಾಲ್ಕನೆಯ ದಿನ ಬೆಳಿಗ್ಗೆ ಕರೆಂಟ್ ಹೋಯಿತು. ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ರಬಕವಿ ಸುಮ್ಮನಾದಾಗ ಬೇರೆ ಊರಿನವರಿಗೆ ಭಯವಾಗುತ್ತದೆ, ಅಷ್ಟು ಸುಮ್ಮನಾಗುತ್ತದೆ. ನಾನು ಅತ್ತೆಯ ಹತ್ತಿರ ಓಡಿದೆ.

"ಅತ್ಯಾರ, ಈಗ ಪಂಪ್‌ಸೆಟ್ ಐತೇನ್ರಿ?"

ಅವರು ತಲೆ ವಾಲಿಸಿದರು. ಎಡಕ್ಕೆ, ಬಲಕ್ಕೆ.

"ಇಲ್ಲ ನೋಡವಾ," ಅಂದರು.

ಧಾರವಾಡದ ಹೆದರಿಕೆಯ ಸುಳ್ಳೇ ಇದೂ? ನಂಬಲಿಕ್ಕೆ ಆಸೆ, ನಂಬಿಕೆಗೆ ಸಾಕ್ಷಿ ಬೇಕು. ಒಳಗೆ ಹೋಗಿ ಬರುವೆನೆಂದು ಹೇಳಿ, ಅವರ ಬೆನ್ನ ಹಿಂದಿನ ಬಾಗಿಲ ಸಂದಿಯಲ್ಲಿ ನಿಂತು ಕೈಬಳೆಗಳನ್ನು ಮೆಲ್ಲಗೆ, ಬಹಳ ಮೆಲ್ಲಗೆ ಅಲುಗಿಸಿದೆ. ಅತ್ತೆ ತಟ್ಟನೆ ತಿರುಗಿ ನೋಡಿದರು. "ಅಲ್ಲ್ಯಾಕ ನಿಂತಿ ಬೇ, ಕಳ್ಳರಂಗ?"

ಜಗತ್ತಿನ ಅತಿ ಗದ್ದಲದ ಓಣಿಯಲ್ಲಿ ನಾಲ್ಕು ದಿನ ಇದ್ದವರ ಕಿವಿ ವಾಸಿಯಾಗಿತ್ತು! ಇದಕ್ಕಿಂತ ತಲೆಕೆಳಗಾದ ಸಂಗತಿಯನ್ನು ನಾನು ಕಂಡಿರಲಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ, ಮಹಾಲಿಂಗಪುರದ ಸ್ಟ್ಯಾಂಡಿನಲ್ಲಿ ಜನ ಬೆಲ್ಲದ ಪೆಂಟೆಗಳನ್ನು ನನ್ನ ಕಾಲ ಮೇಲೆ ಇಟ್ಟರೂ ನನಗೆ ಗಮನವಿಲ್ಲ. ಬೋರಿನ ನೀರೇ? ದಿಂಬೇ? ಹೊಸ ಮನೆಯ ತಗಡೇ? ಮನೆಗೆ ಬಂದ ದಿನವೇ ಅತ್ತೆಯ ತಲೆನೋವು ಮಾಯವಾಯಿತು. ಸ್ವಲ್ಪ ದಿನಕ್ಕೆ ಅಂಗೈ ಮತ್ತೆ ಕಿವಿಗೆ ಹೋಯಿತು. ಅದನ್ನು ಕಂಡಾಗ ನನಗೆ ಒಂದು ಹೊಳೆಯಿತು: ತಲೆ ನೋಯುವಾಗ ಕಿವಿ ಸುಮ್ಮನಿರುತ್ತದೆ, ಕಿವಿ ಹೊಡೆದುಕೊಳ್ಳುವಾಗ ತಲೆ ನೋಯುವುದಿಲ್ಲ. ಎರಡೂ ಯಾವುದೋ ಒಂದಕ್ಕೆ ಕಟ್ಟಿಕೊಂಡಿವೆ.

ದಿಂಬು ಬದಲಿಸಿದೆ. ನೀರು ಕಾಯಿಸಿ ಆರಿಸಿ ಕೊಟ್ಟೆ. ಏನೂ ಆಗಲಿಲ್ಲ. ಒಂದು ರಜೆಯ ದಿನ ಪೂರ್ತಿ ಅವರ ಬಾಲದಂತೆ ತಿರುಗಿದೆ. "ಇವತ್ತೇನು ನಂಗ ಕಾವಲ ಇಟ್ಟಾರೇನು?" ಎಂದು ಅವರು ಚೇಷ್ಟೆ ಮಾಡಿದರು. ಮಧ್ಯಾಹ್ನ ಚಹಾ ಮಾಡಿಕೊಂಡು ಕುಳಿತರು. ಸಕ್ಕರೆ ಡಬ್ಬಿಯ ಪಕ್ಕದ ಸಣ್ಣ ಡಬ್ಬಿಯಿಂದ ಒಂದು ಪೊಟ್ಟಣ ತೆಗೆದು ಹರಿದು, ಬಿಳಿ ಪುಡಿಯನ್ನು ಬಸಿಗೆ ಉದುರಿಸಿ, ಬೆರಳಿನಿಂದ ಕಲಕಿ ಕುಡಿದರು. ಇದನ್ನು ನಾನು ಮದುವೆಯಾದಾಗಿನಿಂದ ನೋಡುತ್ತಲೇ ಇದ್ದೆ. ಶುಂಠಿ ಹಾಕಿಕೊಂಡವರನ್ನು ಯಾರಾದರೂ ದಿಟ್ಟಿಸಿ ನೋಡುತ್ತಾರೆಯೇ?

"ಅತ್ಯಾರ, ಇದನ್ನ ದಿನಾ ತಗೋತೀರೇನ್ರಿ?"

"ಚಾ ಕುಡದಾಗೊಮ್ಮೆ."

ಅವರು ಚಹಾ ಎಷ್ಟು ಸಲ ಕುಡಿಯುತ್ತಾರೆಂದು ಹೇಳಲು ಅವರಿಗೂ ಆಗುತ್ತಿರಲಿಲ್ಲ.

"ಜಮಖಂಡ್ಯಾಗ ಡಾಕ್ಟರ್ ಕೇಳಿದಾಗ ಯಾಕ ಹೇಳಲಿಲ್ರಿ?"

"ಅವರು ಔಷಧ ಕೇಳಿದ್ರು. ಇದು ಕಿರಾಣಿ." ಅತ್ತೆ ನನ್ನನ್ನೇ ಪಾಪದವಳೆಂಬಂತೆ ನೋಡಿದರು.

ಮುಚ್ಚಿಟ್ಟದ್ದೇನೂ ಇರಲಿಲ್ಲ. ಸಕ್ಕರೆ, ಚಹಾಪುಡಿ, ಸೋಪಿನ ಜೊತೆ ಅದೇ ಚೀಲದಲ್ಲಿ ಅಂಗಡಿಯಿಂದ ಬರುತ್ತಿತ್ತು. ಡಾಕ್ಟರು ಕೊಟ್ಟದ್ದು ಔಷಧ, ಅಂಗಡಿಯವನು ಕೊಟ್ಟದ್ದು ಸಾಮಾನು. ನಮ್ಮ ಊರಿನ ಲೆಕ್ಕವೇ ಅದು.

"ರಬಕವ್ಯಾಗ ತಲಿ ಒಡ್ಯಾಕತ್ತಿತ್ತಲ್ಲ, ಅಲ್ಲಿ ಯಾಕ ಕೇಳಲಿಲ್ರಿ?"

"ಬೀಗರ ಮನ್ಯಾಗ ಇದ್ದು ಅಂಗಡಿಗೆ ಕಳಸ್ತಾರೇನು? ಮಾನ ಬ್ಯಾಡೇನು?"

ನಾನು ಎದ್ದು ಕುಣಿಯುವುದೊಂದು ಬಾಕಿ. ಅತ್ತೆಯ ಮಾನವೇ ನಾಲ್ಕು ದಿನ ಅವರ ಕಿವಿಗೆ ಚಿಕಿತ್ಸೆ ಮಾಡಿತ್ತು. ಪೊಟ್ಟಣ ಹಿಡಿದು ಮರುದಿನವೇ ಜಮಖಂಡಿಗೆ ಹೋದೆ. ಡಾಕ್ಟರು ಸಣ್ಣ ಅಕ್ಷರ ಓದಿ ಹಣೆ ಮುಟ್ಟಿಕೊಂಡರು. "ಆ್ಯಸ್ಪಿರಿನ್ ಐತಿ ಇದರಾಗ. ಮೈಯಾಗ ಹೆಚ್ಚಾದ್ರ ಕಿವಿ ಹಿಂಗ ಗುಂಯ್ ಅಂತೈತಿ. ಬಿಟ್ರ ಬಹುತೇಕ ಹೋಗತೈತಿ. ಬಿಟ್ಟ ಹೊಸದರಾಗ ತಲಿ ಒಡೀತೈತಿ, ತಡಕೊಬೇಕು. ಅವರನ್ನ ಒಮ್ಮೆ ಕರಕೊಂಡು ಬರ್ರಿ," ಅಂದರು.

ಅಂದು ಸಂಜೆ ಮನೆಯಲ್ಲಿ ಎಲ್ಲವನ್ನೂ ಹೇಳಿದೆ. ಅತ್ತೆ ನನ್ನ ವಿಜ್ಞಾನವನ್ನೆಲ್ಲ ಪಕ್ಕಕ್ಕೆ ಸರಿಸಿ ಮಗನನ್ನು ಮಾತ್ರ ಕೇಳಿದರು.

"ಪುಡಿ ಬಿಟ್ರ ಧಾರವಾಡ ತಪ್ಪತೈತೇನೋ?"

"ತಪ್ಪತೈತಿ ಯವ್ವಾ," ಎಂದರು ಅವರು. ತಲೆ ಎತ್ತಲಿಲ್ಲ.

ಅತ್ತೆ ಡಬ್ಬಿಯನ್ನು ತಾವೇ ಒಯ್ದು ತಿಪ್ಪೆಗೆ ಸುರಿದರು. ಆಮೇಲಿನ ದಿನಗಳು ಕೆಟ್ಟವು. ನೋವಿಗೆ ಅವರು ಹಲ್ಲು ಕಚ್ಚಿ ಮಲಗಿದ್ದನ್ನು ನೋಡಿ ನನಗೇ ಅಂಗಡಿಗೆ ಓಡಬೇಕೆನಿಸಿತು. ಒಂದು ಮುಂಜಾನೆ ಅವರು ಎದ್ದು ಅಂಗಳಕ್ಕೆ ಬಂದು, ಬಹಳ ದಿನಗಳ ಮೇಲೆ ಕಟ್ಟೆಯ ಮೇಲೆ ಕುಳಿತರು. ನಾನು ಹಲ್ಲುಜ್ಜುತ್ತ ನಿಂತಿದ್ದೆ.

"ಗುಬ್ಬಿ," ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಯಾರೋ ಕೊಡ ಇಟ್ರು." ಮತ್ತೆ, "ಬೀಳಗಿ ಬಸ್ಸು ಬಂತು."

ಪಂಪ್‌ಸೆಟ್ಟು ನಿಂತಿತ್ತು. ನಾನು ಬಾಯಲ್ಲಿ ಪೇಸ್ಟ್ ಇಟ್ಟುಕೊಂಡೇ ಅತ್ತುಬಿಟ್ಟೆ.

ಇಲ್ಲಿಗೆ ಬಿಟ್ಟಿದ್ದರೆ ನಾನು ನಾನಾಗುತ್ತಿರಲಿಲ್ಲ. ಪುಡಿ ತಗೊಂಡದ್ದು ತಲೆನೋವಿಗೆ, ಸರಿ. ತಲೆನೋವು ಯಾಕೆ? ಕತ್ತಿನ ಹಿಂದಿನಿಂದ ಹತ್ತಿ ಬರುತ್ತದೆ ಎಂದು ಅತ್ತೆ ಬೆರಳಿಟ್ಟು ತೋರಿಸಿದರು. ಜಮಖಂಡಿಯ ಡಾಕ್ಟರು ಇನ್ನೊಬ್ಬರ ಹತ್ತಿರ ಕಳಿಸಿದರು. ಫೋಟೋ ತೆಗೆದು ನೋಡಿ, ಕತ್ತಿನ ಮೂಳೆ ಸವೆದಿದೆ, ತಲೆ ಮೇಲೆ ಬಹಳ ಭಾರ ಹೊತ್ತಿದ್ದೀರಾ ಎಂದು ಅವರು ಕೇಳಿದರು. ನೀರು, ಮೇವು, ಕಟ್ಟಿಗೆ, ಯಾರು ಹೊತ್ತಿಲ್ಲ ಎಂದರು ಅತ್ತೆ. ಹೊರಗೆ ಬಂದ ಮೇಲೆ, ಕತ್ತಿಗೆ ಹಾಕಿಕೊಳ್ಳುವ ಪಟ್ಟಿಯನ್ನು ಕೈಯಲ್ಲಿ ಹಿಡಿದು ನನ್ನ ಗಂಡ ಇದ್ದಕ್ಕಿದ್ದಂತೆ ನಿಂತರು.

"ಹೊಸ್ತಲ," ಅಂದರು. "ಯವ್ವಾ, ಹೊಸ್ತಲ ಹೊತ್ತಿದ್ದಿ ನೀ."

ಆ ಕಥೆ ನನಗೆ ಗೊತ್ತಿರಲಿಲ್ಲ. ನೀರು ಬರುವ ಮೊದಲು ಜನ ತಮ್ಮ ಮನೆಗಳನ್ನು ತಾವೇ ಬಿಚ್ಚಿದರು. ತೊಲೆ, ಕಂಬ, ಬಾಗಿಲು ಎಲ್ಲ ಟ್ರ್ಯಾಕ್ಟರಿನ ಟ್ರೇಲರಿಗೆ ಏರಿದವು, ಅದರ ಮೇಲೆ ಜನರೂ ಏರಿದರು. ಹೊಸ್ತಿಲನ್ನು ಎತ್ತುವಾಗ ಅತ್ತೆ ಅಡ್ಡ ನಿಂತರಂತೆ. ದಿನಾ ಅರಿಸಿನ ಕುಂಕುಮ ಹಚ್ಚಿದ್ದರ ಮೇಲೆ ಮಂದಿ ಕಾಲಿಟ್ಟು ಕೂರುತ್ತಾರೆ, ಕೊಡುವುದಿಲ್ಲ ಎಂದು. ಜಾಲಿಯ ದಪ್ಪ ತೊಲೆ ಅದು. ತಲೆಗೆ ಸಿಂಬಿ ಇಟ್ಟು ಅದನ್ನು ಹೊತ್ತು ಹಳೆಯ ಊರಿಂದ ಮಡ್ಡಿಯತನಕ ನಡೆದು ಬಂದರು. ದಾರಿಯಲ್ಲಿ ಇಳಿಸಲಿಲ್ಲ, ಇಳಿಸಿದರೆ ದಾರಿಹೋಕರು ತುಳಿಯುತ್ತಾರೆ. ಸಂಜೆಗೆ ಕತ್ತು ತಿರುಗಲೊಲ್ಲದು. ಯಾರೋ ಚಹಾದಲ್ಲಿ ಒಂದು ಪುಡಿ ಹಾಕಿ ಕೊಟ್ಟರು. ಅದೇ ಮೊದಲನೆಯ ಪುಡಿ.

ಒಂದು ದಿನದ ಭಾರಕ್ಕೆ ಮೂಳೆ ಸವೆಯುವುದಿಲ್ಲ, ಅದು ಇಡೀ ಆಯುಷ್ಯದ ಕೊಡಗಳ ಕೆಲಸ ಎಂದು ನನಗೆ ಗೊತ್ತು. ಡಾಕ್ಟರೂ ಹಾಗೇ ಅಂದರು. ಆದರೆ ಮೊದಲ ಪುಡಿ ಅಂದಿನದು ಅನ್ನುವುದರಲ್ಲಿ ತಾಯಿ ಮಗ ಇಬ್ಬರಿಗೂ ಅನುಮಾನವಿರಲಿಲ್ಲ.

ಚಿಗವ್ವ ಬಂದು, ಏನಂತೆ ಕಾರಣ ಎಂದು ಕೇಳಿದಳು. ಬಹಳ ದಿನ ಕಾದಿದ್ದ ನಾನು ಪಾಠವನ್ನೇ ಶುರು ಮಾಡಿದೆ.

"ಪುಡಿ, ಚಿಗವ್ವ. ಗಂಟಿ ಅಲ್ಲ, ಊರಲ್ಲ."

"ಪುಡಿ ಯಾಕ ತಿಂದ್ಲು?"

"ತಲಿನೋವಿಗೆ."

"ತಲಿನೋವು ಯಾಕ ಬಂತು?"

"ಕತ್ತು ನೋಯಾಕತ್ತಿತ್ತು. ಹೊಸ್ತಲ ಹೊತ್ತಿದ್ರು."

"ಹೊಸ್ತಲ ಯಾಕ ಹೊತ್ಲು?"

ಚಿಗವ್ವ ಎಲೆಗೆ ಸುಣ್ಣ ಸವರಿ, ಮಡಚಿ, ಬಾಯಿಗಿಟ್ಟುಕೊಂಡು ಹೊಳೆಯ ಕಡೆ ಕೈ ತೋರಿಸಿದಳು. ಅತ್ತೆ ಸೆರಗು ಬಾಯಿಗೆ ಹಿಡಿದು ನಕ್ಕರು. ನನಗೆ ಅಂದು ನಗು ಬರಲಿಲ್ಲ.

ಬಗ್ಗಬಾರದೆಂದು ಡಾಕ್ಟರು ಹೇಳಿದ್ದರಿಂದ ಹೊಸ್ತಿಲ ಕೆಲಸ ನನ್ನ ಪಾಲಿಗೆ ಬಂತು. ಅಲ್ಲಿಯವರೆಗೆ ಅದೊಂದು ಕಟ್ಟಿಗೆ, ಅವಸರದಲ್ಲಿ ದಾಟಿ ಶಾಲೆಗೆ ಓಡುವುದಷ್ಟೇ. ಮೊದಲ ದಿನ ತೊಳೆದು, ಅರಿಸಿನ ಸವರುವಾಗ ನಡುವೆ ತಗ್ಗು ಬಿದ್ದು ನುಣುಪಾದ ಜಾಗ ಬೆರಳಿಗೆ ಸಿಕ್ಕಿತು. ನಾನು ನೋಡದ ಊರಿನ ಕಾಲುಗಳೆಲ್ಲ ಅಲ್ಲಿ ಓಡಾಡಿದ್ದವು. ಅತ್ತೆ ಕತ್ತಿಗೆ ಪಟ್ಟಿ ಹಾಕಿಕೊಂಡು, ತಿರುಗಲಾಗದೆ, ನನಗೆ ಬೆನ್ನು ಮಾಡಿ ಕಟ್ಟೆಯ ಮೇಲೆ ಕುಳಿತಿದ್ದರು.

"ಎಡಗಡೆ ತುದಿ ಬಿಟ್ಟಿ. ಅಲ್ಲೂ ಹಚ್ಚು," ಎಂದರು.

ನಾನು ನಿಜವಾಗಿ ಎಡಗಡೆ ಬಿಟ್ಟಿದ್ದೆ.

"ನೋಡದ ಹೆಂಗ ಗೊತ್ತಾತ್ರಿ?"

"ನಿನ್ನ ಕೈಬಳಿ ಸಪ್ಪಳ ಆ ಕಡೆ ಹೋಗಲೇ ಇಲ್ಲಲ್ಲವಾ," ಎಂದರು ಅತ್ತೆ. "ಎಲ್ಲಾ ಕೇಳಸಾಕತ್ತೈತಿ ನಂಗ."

ನಾನು ಎಡಗಡೆಗೂ ಹಚ್ಚಿದೆ.